ಎಣ್ಣೆಹನಿಯ ಚಿಗಟ

ಅಟ್ಟದ ಮೇಲಿಂದ ಏನೋ ಬಿದ್ದ ಸದ್ದಾಯಿತು. ದೊಡ್ಡ ಸದ್ದೇನಲ್ಲ, ಹಿಂಡಿಟ್ಟ ಬಟ್ಟೆ ಕೈಜಾರಿ ನೆಲಕ್ಕೆ ಬಿದ್ದರೆ ಆಗುವಷ್ಟು. ಮಂಗಳಮ್ಮ ಕಣ್ಣು ಬಿಟ್ಟಳು. ಬೆಕ್ಕಾಗಿದ್ದರೆ ಬಿದ್ದ ಮೇಲೆ ಓಡಬೇಕಿತ್ತು. ತೆಂಗಿನಕಾಯಾಗಿದ್ದರೆ ಉರುಳಬೇಕಿತ್ತು. ಇದು ಬಿತ್ತು, ಅಷ್ಟೆ. ಆಮೇಲೆ ಏನೂ ಇಲ್ಲ.

ಈಚೆಗೆ ಅಟ್ಟದಲ್ಲಿ ಇಲಿಗಳ ಓಡಾಟ ನಿಂತುಹೋಗಿತ್ತು. ಇಡೀ ರಾತ್ರಿ ಅವುಗಳ ಗಲಾಟೆಗೆ ಬೈದುಕೊಂಡು ಮಲಗುತ್ತಿದ್ದವಳು ಈಗ ಆ ಗಲಾಟೆ ಇಲ್ಲವೆಂದೇ ಎಚ್ಚರವಿರುತ್ತಿದ್ದಳು. ಪಕ್ಕದಲ್ಲಿ ಆರು ವರ್ಷದ ನೀಲ ಅವಳ ಹೊಟ್ಟೆಯ ಮೇಲೆ ಕಾಲು ಹಾಕಿಕೊಂಡು ನಿದ್ದೆ ಹೋಗಿತ್ತು. ನಡುಮನೆಯಲ್ಲಿ ಅತ್ತೆ ಗುರುಬಸಮ್ಮನ ಗೊರಕೆ ಕೇಳುತ್ತಿತ್ತು. ಗಂಡ ಪುಟ್ಟಬಸವಯ್ಯ ಊರಲ್ಲಿರಲಿಲ್ಲ. ನಂಜನಗೂಡಿನ ಸ್ಕೂಲಿನಲ್ಲಿ ಪ್ರಕೃತಿ ಪಾಠ ಹೇಳುವ ಮೇಷ್ಟ್ರು ಅವನು. ಪರೀಕ್ಷೆ ನಡೆಸಲು ನರಸೀಪುರಕ್ಕೆ ಹೋಗಿದ್ದ.

ಎದ್ದು ದೀಪ ಹಚ್ಚಬೇಕು. ಬಿದ್ದದ್ದು ಇಲಿಯೇ ಆಗಿದ್ದರೆ ಮುಟ್ಟದೆ ಸೀಮೆಎಣ್ಣೆ ಸುರಿದು ಸುಡಬೇಕು. ಅವಳಿಗೆ ಗೊತ್ತಿತ್ತು. ಹೋದ ಬೇಸಿಗೆಯಲ್ಲಿ ಪುಟ್ಟಬಸವಯ್ಯ ಮೈಸೂರಿಗೆ ಹೋಗಿ, ಯಾರೋ ಡಾಕ್ಟರು ಬಿಳಿಯ ಪರದೆಯ ಮೇಲೆ ದೀಪದ ಬೆಳಕಿನಿಂದ ಚಿತ್ರ ಬಿಟ್ಟು ಪ್ಲೇಗಿನ ಬಗ್ಗೆ ಮಾಡಿದ ಭಾಷಣ ಕೇಳಿ ಬಂದಿದ್ದ. ಆ ರಾತ್ರಿ ತಟ್ಟೆಯ ಮುಂದೆ ಕೂತು ಊಟ ಮರೆತು ಹೇಳಿದ್ದ: "ಗಾಳೀಲಿಲ್ಲ ಮಂಗಳಾ ಅದು. ಯಾರ ಶಾಪಾನೂ ಅಲ್ಲ. ಇಲಿ ರಕ್ತದಲ್ಲಿರೋದು. ಇಲಿ ಸತ್ತು ಮೈ ತಣ್ಣಗಾಗ್ತಿದ್ದ ಹಾಗೇನೆ ಅದರ ಮೈಮೇಲಿನ ಚಿಗಟ ಬೇರೆ ಬೆಚ್ಚಗಿನ ಮೈ ಹುಡುಕ್ಕೊಂಡು ಹೊರಡುತ್ತೆ. ಮನೆ ಸೋರೋಕೆ ಶುರುವಾದ್ರೆ ಬಾಡಿಗೆಯೋರು ಹೊರಡಲ್ವಾ, ಹಾಗೆ."

ಅವನಿಗೆ ಅದನ್ನು ತಿಳಿದ ಸಂತೋಷ. ಅವಳಿಗೆ ಅಂದಿನಿಂದ ನಿದ್ದೆ ಹಾರಿತು. ಮೊದಲು ಪ್ಲೇಗು ಅಂದರೆ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ಕತ್ತಲೆಯಂತಿತ್ತು. ಈಗ ಅದಕ್ಕೆ ಕಾಲು ಬಂದಿದ್ದವು.

ಕತ್ತಲಲ್ಲಿ ಎದ್ದು ತುಳಿದುಬಿಟ್ಟರೆ? ಬೆಳಕಾಗಲಿ, ಎಂದುಕೊಂಡಳು. ಕಂಬಳಿಯನ್ನು ಮಗುವಿನ ಕತ್ತಿನವರೆಗೆ ಎಳೆದು ಹೊದಿಸಿದಳು. ಇದು ಹೆದರಿಕೆಯಲ್ಲ, ಎಚ್ಚರಿಕೆ ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಳ್ಳುತ್ತಲೇ, ಕೋಳಿ ಕೂಗುವ ಹೊತ್ತಿಗೆ, ಅಷ್ಟು ಹೊತ್ತು ಬಾರದಿದ್ದ ನಿದ್ದೆ ಬಂದುಬಿಟ್ಟಿತು.

ಎಚ್ಚರವಾದಾಗ ಪಕ್ಕದಲ್ಲಿ ಮಗು ಇರಲಿಲ್ಲ. ಒಳಂಗಳದ ತೊಟ್ಟಿಯ ಕಡೆಯಿಂದ ಅತ್ತೆಯ ದನಿ ಬರುತ್ತಿತ್ತು.

"ಇನ್ನೊಂಚೂರು ಕುಂಕುಮ ಮಡಗು ಕೂಸೆ. ಹಂಗೆ. ತಲೆ ಮ್ಯಾಕೆ."

ಮಂಗಳಮ್ಮ ಓಡಿದಳು. ತೊಟ್ಟಿಯ ಅಂಚಿನಲ್ಲಿ ಮೊರ, ಮೊರದ ತುಂಬ ಬೇವಿನ ಸೊಪ್ಪು, ಸೊಪ್ಪಿನ ಮೇಲೆ ಹೊಟ್ಟೆ ಉಬ್ಬಿದ ಇಲಿ. ಅದಕ್ಕೆ ಅರಿಸಿನ ಬಳಿದಾಗಿತ್ತು. ಪಕ್ಕದಲ್ಲಿ ಬಾಳೆಲೆಯ ತುಂಡಿನ ಮೇಲೆ ಮೊಸರನ್ನ. ನೀಲ ಕುಕ್ಕರಗಾಲಲ್ಲಿ ಕೂತು, ಲಂಗ ಮೊರಕ್ಕೆ ತಾಗುವಷ್ಟು ಬಾಗಿ, ಕೆಂಪಾದ ಬೆರಳನ್ನು ಅಜ್ಜಿಗೆ ತೋರಿಸುತ್ತಿತ್ತು.

ಮಂಗಳಮ್ಮ ಅದರ ರಟ್ಟೆ ಹಿಡಿದು ಎಳೆದಳು. "ಮುಟ್ಟಿದ್ಯಾ? ಇಲೀನ ಮುಟ್ಟಿದ್ಯಾ ನೀನು?"

"ಅಜ್ಜಿ ಮುಟ್ಟು ಅಂತು."

"ಇಲಿ ಗಿಲಿ ಅನ್ಬ್ಯಾಡ," ಎಂದಳು ಗುರುಬಸಮ್ಮ, ಮೊರದಿಂದ ಕಣ್ಣು ಕೀಳದೆ. "ಅಮ್ಮ ಬಂದವ್ಳೆ ಮನೆಗೆ. ಮೈನೆರೀದ ಹೆಣ್ಗೂಸಿನ ಕೈಲಿ ಕುಂಕುಮ ಇಡಿಸಿ ಊರಾಚೆ ಬುಟ್ಬುಟ್ರೆ ತಿರುಗಿ ನೋಡಕಿಲ್ಲ ಅವ್ಳು. ನಮ್ಮತ್ತೆ ಕಾಲ್ದಿಂದ್ಲೂ ಯಾವ ಅಮ್ಮ ಬಂದ್ರೂ ಇಂಗೇಯ ಕಳಿಸಿರೋದು."

"ಅತ್ತೆಮ್ಮಾ, ನಿಮ್ಮ ಮಗ ಅಷ್ಟು ಹೇಳಿದ್ರಲ್ಲ..."

"ಏಳ್ತಾನೆ. ಅವನಿಗೇನು. ಅವರಣ್ಣನ್ನ ಗಾಡೀಲಿ ಏರಿಸ್ಕಂಡು ಓಗಿ ಪ್ಲೇಗಿನ ಕ್ಯಾಂಪ್ನಾಗೆ ಮಡಗ್ದಾಗ್ಲೂವೆ ಎಲ್ಲಾ ಚೆಂದಾಗೇ ಏಳಿದ್ರು. ಸತ್ತಾಗ ಮೊಕ ತೋರಿಸಿದ್ರಾ ನಂಗೆ? ಆ ವರ್ಷ ಗಾಬ್ರೀಲಿ ಅಮ್ಮನ್ಗೆ ಒಂದು ಅಗಳು ಮೊಸರನ್ನ ಇಡಾಕ್ಕೆ ಆಗ್ಲಿಲ್ಲ ನನ್ನ ಕೈಲಿ. ಈ ಸರ್ತಿ ಇಟ್ಟಿವ್ನಿ."

ಪ್ಲೇಗಿನ ಸೂಜಿ ಚುಚ್ಚುವವರು ಬೀದಿಗೆ ಬಂದ ದಿನ ಇದೇ ಅತ್ತೆ ನೀಲಳನ್ನು ಬತ್ತದ ವಾಡೆಯೊಳಗೆ ಇಳಿಸಿ, ಮುಚ್ಚಳದ ಮೇಲೆ ತಾನೇ ಕೂತು, ಮಗು ಅಜ್ಜಿಯೂರಿಗೆ ಹೋಗಿದೆ ಎಂದಿದ್ದಳು. ಮನೆಯಲ್ಲಿ ಎಲ್ಲರ ತೋಳಿಗೂ ಸೂಜಿ ಬಿದ್ದಿತ್ತು, ಮಗುವಿನದೊಂದನ್ನು ಬಿಟ್ಟು. ಅದೆಲ್ಲ ಪ್ರೀತಿಯೇ. ಅದೇ ಅವಳ ಬಾಯಿ ಕಟ್ಟಿಸುತ್ತಿತ್ತು.

ಅವಳು ಸೀಮೆಎಣ್ಣೆಯ ಡಬ್ಬ ತಂದು ಮೊರದ ಮೇಲೆ ಸುರಿದಳು. ಕೋಲಿನಿಂದ ಮೊರವನ್ನು ಹಿತ್ತಲಿಗೆ ತಳ್ಳಿಕೊಂಡು ಹೋಗಿ ಬೆಂಕಿ ಇಟ್ಟಳು. "ಅಮ್ಮನ್ನೇ ಸುಟ್ಬುಟ್ಯಲ್ಲೇ! ಮುಂಡೇದೇ, ಓದಿ ಹಾಳಾದೋಳೇ!" ಎಂದು ಗುರುಬಸಮ್ಮ ತೊಟ್ಟಿಯಲ್ಲೇ ಕುಸಿದು ಕೂತಳು.

ಮಗುವನ್ನು ಬಚ್ಚಲಲ್ಲಿ ನಿಲ್ಲಿಸಿ ಬಟ್ಟೆ ಬಿಚ್ಚಿದಳು. ಕೈ ಉಜ್ಜಿದಳು, ಕಾಲು ಉಜ್ಜಿದಳು. ಮಗು ಉರಿ ಉರಿ ಎಂದು ಕುಣಿಯಿತು. ಬಿಚ್ಚಿಟ್ಟ ಲಂಗವನ್ನು ಕುದಿಯುವ ನೀರಿಗೆ ಹಾಕುವ ಮುಂಚೆ ಬೆಳಕಿಗೆ ಹಿಡಿದು ಮಡಿಕೆ ಮಡಿಕೆ ಬಿಡಿಸಿದಳು. ನಡುಪಟ್ಟಿಯ ಒಳಗೆ, ಸಾಸಿವೆಗಿಂತ ಸಣ್ಣದೊಂದು ಚುಕ್ಕೆ ಓಡಿತು.

ಹೇನು ಹಿಡಿಯುವ ಕೈ ತಾನಾಗಿಯೇ ಮುಂದಾಯಿತು. ಹರಳೆಣ್ಣೆಯಲ್ಲಿ ಬೆರಳದ್ದಿ ಒತ್ತಿದಳು. ಚಿಗಟ ಎಣ್ಣೆಗೆ ಅಂಟಿತು. ಉಗುರಿಗೆ ಹಾಕಿ ಕುಕ್ಕಬೇಕೆಂದಿದ್ದವಳಿಗೆ ಬೆರಳು ಬರಲಿಲ್ಲ. ಒಡೆದರೆ ಅದರೊಳಗಿನದು ತನ್ನ ಕೈಮೇಲೆ. ಗಂಡ ಎಲೆ ಹೂವು ಇಟ್ಟು ನೋಡುವ ಗಾಜಿನ ಬಿಲ್ಲೆಗಳಲ್ಲಿ ಒಂದನ್ನು ತಂದು, ಎಣ್ಣೆಯ ಹನಿಯ ಸಮೇತ ಅದನ್ನು ಬಿಲ್ಲೆಯ ಮೇಲೆ ಒರೆಸಿ, ಮೇಲೊಂದು ಬಿಲ್ಲೆ ಮುಚ್ಚಿ, ದಾರ ಸುತ್ತಿದಳು. ಅವರು ಊರಿಂದ ಬಂದ ಮೇಲೆ ನೋಡಲಿ, ಎಂದುಕೊಂಡಳು. ಅವನ ಭೂತಗನ್ನಡಿ ಇದ್ದ ಪೆಟ್ಟಿಗೆಯಲ್ಲೇ ಅದನ್ನೂ ಇಟ್ಟಳು. ನೋಡಲು ತನಗೆ ಧೈರ್ಯವಿರಲಿಲ್ಲ.

ಹೊತ್ತೇರುವ ಮುಂಚೆ ಗದ್ದೆಯ ಕೆಲಸದ ಸಣ್ಣಯ್ಯ ಗಾಡಿ ಕಟ್ಟಿಕೊಂಡು ಬಂದ. ಕಪಿಲೆಯ ದಡದ ಅವರ ತೋಟದಲ್ಲಿ ಒಂದು ಗುಡಿಸಲಿತ್ತು. ಮನೆ ಬಿಟ್ಟು ಅಲ್ಲಿಗೆ ಹೋಗುವುದೆಂದು ಮಂಗಳಮ್ಮ ಹೇಳಿದಾಗ ಗುರುಬಸಮ್ಮ ದೇವರ ಗೂಡಿನಿಂದ ಸುತ್ತೂರಿನ ವಿಭೂತಿಗಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಗಾಡಿ ಹತ್ತಿದಳು.

"ಚಾವಡೀಲಿ ಹೇಳಿದ್ಯಾ ಸಣ್ಣಯ್ಯ, ಇಲಿ ಬಿತ್ತು ಅಂತ?" ಎಂದಳು ಮಂಗಳಮ್ಮ.

"ಏಳ್ದೆ ಕಣ್ರವ್ವ. ಪಟೇಲ್ರು ಮೂಗಿಗೆ ಪಂಚೆ ಮುಚ್ಕಂಡು ಅಷ್ಟು ದೂರ ನಿಂತು ಮಾತಾಡಿದ್ರು. ನನ್ನ ಬಾಯೊಳಗೇ ಇಲಿ ಕುಂತದೇನೋ ಅನ್ನಂಗೆ." ಅವನು ನೊಗ ಸರಿಪಡಿಸುತ್ತಾ ಗಾಡಿಯೊಳಗೆ ಇಣುಕಿದ. "ಇದೇನ್ರವ್ವ, ಮೂಟೆ ಕುಯ್‌ಗುಡ್ತಾ ಅದೆ?"

ನೀಲಳ ಮಡಿಲ ಹಚ್ಚಡದೊಳಗಿಂದ ನಾಯಿಮರಿಯ ಮೂತಿ ಹೊರಗೆ ಬಂತು. ಹಿತ್ತಲ ಹುಲ್ಲುಮೆದೆಯಲ್ಲಿ ಬೀದಿನಾಯಿ ಹಾಕಿದ ಮರಿಗಳಲ್ಲಿ ಒಂದು. ಮಗು ದಿನವೆಲ್ಲ ಅವುಗಳ ಜೊತೆಯೇ ಹೊರಳುತ್ತಿತ್ತು.

"ಇಳಿಸು ಅದನ್ನ," ಎಂದಳು ಮಂಗಳಮ್ಮ.

"ಇರ್ಲಿ ಬುಡ್ರವ್ವ. ಎಲ್ರೂ ಊರು ಬುಡ್ತಾವ್ರೆ, ಅದೊಂದೇ ಯಾಕೆ ಊರು ಕಾಯ್ಬೇಕು?"

ಗುಡಿಸಲಿನಲ್ಲಿ ಮೊದಲ ಕೆಲವು ದಿನ ಏನೂ ಆಗಲಿಲ್ಲ. ಮಂಗಳಮ್ಮ ಹೊತ್ತು ಮುಳುಗಿದಾಗ ಒಮ್ಮೆ, ಹುಟ್ಟಿದಾಗ ಒಮ್ಮೆ ಮಗುವಿನ ಹಣೆ ಮುಟ್ಟುತ್ತಿದ್ದಳು. ನಡುವೆ ಎಷ್ಟು ಸಲವೆಂಬುದಕ್ಕೆ ಲೆಕ್ಕವಿರಲಿಲ್ಲ. "ಅವ್ವ ನನ್ನ ತಟ್ತಾನೇ ಇರುತ್ತೆ, ರೊಟ್ಟಿಯಂಗೆ," ಎಂದು ನೀಲ ಅಜ್ಜಿಗೆ ದೂರು ಹೇಳಿತು. ಗುರುಬಸಮ್ಮನಿಗೆ ನಗು ಬಂದರೂ ನಗಲಿಲ್ಲ. ಅತ್ತೆ ಸೊಸೆಯರ ನಡುವೆ ಉಪ್ಪು, ಸೌದೆ, ನೀರು ಇಷ್ಟೇ ಮಾತು.

ಮದುವೆಯಾದ ಹೊಸದರಲ್ಲಿ ತಿಳಿವಳಿಕೆಯೆಂದರೆ ಹೀಗೆ ಹೆದರಿಕೆಯಾಗಿರಲಿಲ್ಲ. ಮೈಸೂರಿನಲ್ಲಿ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ನಾಲ್ಕಕ್ಷರ ಓದಿದ ಹುಡುಗಿಗೆ ಗಂಡ ಮೊದಲು ಕೊಟ್ಟದ್ದು ಮಲ್ಲಿಗೆಯಲ್ಲ, ಒಂದು ತುಂಬೆ ಹೂವು. ಹಿತ್ತಾಳೆ ಚೌಕಟ್ಟಿನ ಭೂತಗನ್ನಡಿಯನ್ನು ಅವಳ ಕಣ್ಣಿಗೆ ಹಿಡಿಸಿ, "ನೋಡು" ಎಂದಿದ್ದ. ಉಗುರಿನಷ್ಟಿದ್ದ ಹೂವಿನ ತುಟಿಯ ಮೇಲೆ ಬಿಳಿಯ ಮೃದುವಾದ ಕೂದಲು, ಒಳಗೆ ಜೇನುನೊಣಕ್ಕೆಂದೇ ಮಾಡಿಟ್ಟ ದಾರಿ. ಯಾಕೆ ಹಾಗಿದೆ ಎಂದು ಅವನು ಹೇಳುತ್ತಾ ಹೋದಂತೆ ಹೂವು ದೊಡ್ಡದಾಗುತ್ತಾ ಹೋಗಿತ್ತು. ಅಂದಿನಿಂದ ದೇವರಿಗೆ ತುಂಬೆ ಏರಿಸುವಾಗಲೆಲ್ಲ ಅವಳ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಆದರೆ ತಿಳಿದಷ್ಟೂ ದೊಡ್ಡದಾಗುವುದು ಹೂವೊಂದೇ ಅಲ್ಲವೆಂದು ಆಗ ಅವಳಿಗೆ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ನೀಲ ನಾಯಿಮರಿಯನ್ನು ಕರೆಯಲಿಲ್ಲ. ಚಾಪೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿಕೊಂಡೇ ಇತ್ತು. ಮೈ ಕಾದ ಹಂಚು.

ಗಡ್ಡೆ ಎದ್ದಿದೆಯೇ ಎಂದು ಮಂಗಳಮ್ಮ ಕಂಕುಳು ಒತ್ತಿ ನೋಡಿದಳು. ತೊಡೆಯ ಸಂದು ಒತ್ತಿ ನೋಡಿದಳು. ಬೆರಳಿಗೆ ಏನೋ ಸಿಕ್ಕಂತಾಯಿತು. ಮತ್ತೆ ಒತ್ತಿದರೆ ಇಲ್ಲ. ಮತ್ತೆ ಒತ್ತಿದರೆ ಇದೆಯೇನೋ. "ನೋವಾ? ಇಲ್ಲಿ ನೋವಾ?" ಎಂದು ಕೇಳಿ ಕೇಳಿ ಮಗುವನ್ನು ಅಳಿಸಿದಳು.

"ಒತ್ಬ್ಯಾಡ ಕಣೇ, ಇಲ್ದಿದ್ರೂ ಬಂದಾತು ಗಡ್ಡೆ," ಎಂದಳು ಗುರುಬಸಮ್ಮ. ಮೊಮ್ಮಗಳ ಹಣೆಗೆ ಮೂರು ಬೆರಳ ವಿಭೂತಿ ಎಳೆದು, ಆಮೇಲೆ ತನ್ನ ಆ ಬೆರಳುಗಳನ್ನೇ ನೋಡುತ್ತಾ ಕೂತಳು. "ನಾನಾಗಿ ಕೈ ಇಡ್ಕಂಡು ಮುಟ್ಟಿಸ್ದೆ," ಎಂದಳು, ಯಾರಿಗೂ ಅಲ್ಲದಂತೆ.

ಸಣ್ಣಯ್ಯನನ್ನು ನರಸೀಪುರಕ್ಕೆ ಅಟ್ಟಿದರು. "ಮೇಷ್ಟ್ರಿಗೆ ಏನಂತ ಏಳ್ಲಿ?" ಎಂದು ಕೇಳಿದ. "ಮಗಳಿಗೆ ಜ್ವರ ಅನ್ನು," ಎಂದಳು ಮಂಗಳಮ್ಮ. ಇನ್ನೊಂದು ಹೆಸರನ್ನು ಅವಳ ಬಾಯಿ ಆಡಲಿಲ್ಲ; ಅವನೂ ಕೇಳಲಿಲ್ಲ.

ಮಧ್ಯಾಹ್ನ ಗುರುಬಸಮ್ಮ ಹೊಳೆಗೆ ಹೋಗಿ ಮಿಂದು ಲಿಂಗಪೂಜೆಗೆ ದಡದಲ್ಲೇ ಕೂತಳು. ಮಗು ಜೋಂಪಿನಲ್ಲಿತ್ತು. ಆಗ ಮಂಗಳಮ್ಮನಿಗೆ ಗಂಡ ಸ್ಲೇಟಿನ ಮೇಲೆ ಬರೆದು ತೋರಿಸಿದ್ದ ಎರಡು ಚಿತ್ರ ನೆನಪಾದವು. ಚಿಗಟಗಳಲ್ಲೂ ಜಾತಿ ಇದೆ ಎಂದಿದ್ದ. "ನಾಯಿ ಮೈಮೇಲಿನದಕ್ಕೆ ಕೆನ್ನೆ ಕೆಳಗೆ ಮುಳ್ಳಿನ ಸಾಲು ಇರುತ್ತೆ, ನೀನು ಹೇನು ಬಾಚ್ತೀಯಲ್ಲ, ಆ ಸೀರಣಿಗೆ ಥರ. ನಮ್ಮ ಕಡೆ ಪ್ಲೇಗು ತರೋ ಇಲಿ ಚಿಗಟಕ್ಕೆ ಅದಿಲ್ಲ. ಅಷ್ಟೇ ನೋಡು ವ್ಯತ್ಯಾಸ."

ಅಷ್ಟೇ ವ್ಯತ್ಯಾಸ. ಗಾಡಿಯಲ್ಲಿ ಜೊತೆಗೆ ತಂದಿದ್ದ ಗಂಡನ ಪೆಟ್ಟಿಗೆಯನ್ನು ಅವಳು ತೆಗೆದಳು.

ಗುಡಿಸಲ ಬಾಗಿಲಲ್ಲಿ ಬಿಸಿಲು ಹಲಗೆಯಂತೆ ಬಿದ್ದಿತ್ತು. ಅಲ್ಲಿ ಮೊಣಕಾಲೂರಿ ಕೂತು, ಗಾಜಿನ ಬಿಲ್ಲೆಯನ್ನು ಬೆಳಕಿಗೆ ಎತ್ತಿ, ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡಳು. ಮೊದಲು ಬರೀ ಹಳದಿಯ ಮಂಜು. ಮೊಣಕೈಯನ್ನು ಎದೆಗೆ ಒತ್ತಿ ಹಿಡಿದಳು. ಮಂಜು ಸರಿಯಿತು.

ಎಣ್ಣೆಯಲ್ಲಿ ನೆನೆದು ಅದರ ಮೈ ಪಾರದರ್ಶಕವಾಗಿತ್ತು. ಹೊಸ ಬೆಲ್ಲದ ಬಣ್ಣ. ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಜಾರಿದ ಬಿಲ್ಲೆಗಳು, ಪ್ರತಿ ಬಿಲ್ಲೆಯ ಅಂಚಿಗೂ ಹೊಂಬಣ್ಣದ ಗೆರೆ. ಮೈಯೆಲ್ಲ ಕೂದಲು, ಒಂದೂ ತಪ್ಪದೆ ಹಿಂದಕ್ಕೇ ಬಾಗಿತ್ತು. ಯಾಕೆ ಹಿಂದಕ್ಕೆ? ಕೇಳಿಕೊಂಡ ಕೂಡಲೇ ಉತ್ತರವೂ ಬಂತು: ರೋಮದ ಕಾಡಿನಲ್ಲಿ ಮುಂದೆ ನುಗ್ಗುವಾಗ ಸಿಕ್ಕಿಕೊಳ್ಳಬಾರದು, ಹಿಂದಕ್ಕೆ ಎಳೆದರೆ ಕಿತ್ತುಬರಬಾರದು. ಮೈ ಎರಡು ಕಡೆಯಿಂದ ಒತ್ತಿದಂತೆ ಚಪ್ಪಟೆ. ಅದೂ ಅದಕ್ಕೇ, ಮೀನು ನೀರು ಸೀಳುವ ಹಾಗೆ. ಹಿಂಗಾಲು ಮೂರು ಮಡಿಕೆಯಾಗಿ, ಬಿಲ್ಲು ಬಗ್ಗಿಸಿ ಹಿಡಿದಂತೆ, ಸತ್ತ ಮೇಲೂ ಇನ್ನೇನು ಚಿಮ್ಮುವಂತೆ. ಸೂಜಿಮೊನೆಯಷ್ಟು ಕಪ್ಪು ಕಣ್ಣು ಒಂದು. ಹೊಟ್ಟೆಯ ನಡುವೆ ದಾಳಿಂಬೆ ಕಾಳಿನಂಥ ಕೆಂಪು, ಬೆಳಕು ಹಾಯ್ದು ಹೊಳೆಯುತ್ತಿತ್ತು.

ಅವಳು ಗಾಜಿನ ಬಿಲ್ಲೆಯನ್ನು ಕೂದಲೆಳೆಯಷ್ಟು ತಿರುಗಿಸಿದಳು. ಹೊಂಗೆರೆಗಳೆಲ್ಲ ಒಂದೇ ಸಲ ಹಸಿರಾಗಿ ಮತ್ತೆ ಹೊನ್ನಾದವು. ಮತ್ತೆ ತಿರುಗಿಸಿದಳು. ಯಾರು ಕೂತು ಇಷ್ಟು ಸಣ್ಣದರಲ್ಲಿ ಇಷ್ಟೊಂದನ್ನು ಮಾಡಿದರು? ಒಂದು ಕೂದಲೂ ಸುಮ್ಮನೆ ಇರಲಿಲ್ಲ. ಎದೆಯೊಳಗೆ ಇಷ್ಟು ದಿನ ಬಿಗಿದಿದ್ದ ಏನೋ ಬಿಚ್ಚಿಕೊಂಡಿತು. ಹೊಳೆಯ ಸದ್ದು ದೂರವಾಯಿತು. ಗುಡಿಸಲು ದೂರವಾಯಿತು.

"ಏನೇ, ಕಲ್ಲಾದ್ಯೇನೇ?"

ಬಾಗಿಲಲ್ಲಿ ಒದ್ದೆ ಸೀರೆಯ ಗುರುಬಸಮ್ಮ. "ಹೊಳೇವರ್ಗೂ ಕೇಳ್ತು ಕೂಸಿನ ದನಿ. ನೀರು ನೀರು ಅಂತ ಆಗ್ಲಿಂದ ಕೂಗ್ತಾ ಅದೆ. ಮಗ್ಗುಲಾಗೇ ಕುಂತಿದ್ದೀಯಲ್ಲೇ ನೀನು!"

ಮಂಗಳಮ್ಮ ತಿರುಗಿ ನೋಡಿದಳು. ನೀಲ ಚಾಪೆಯಿಂದ ಅರ್ಧ ಹೊರಳಿ, ಒಣಗಿದ ತುಟಿ ತೆರೆದುಕೊಂಡು ಅವಳನ್ನೇ ನೋಡುತ್ತಿತ್ತು. ಎಷ್ಟು ಹೊತ್ತಿನಿಂದ? ಅವಳು ಚೊಂಬಿಗೆ ಕೈ ಹಾಕಿದಳು, ಚೊಂಬು ಉರುಳಿತು. ಅತ್ತೆಯೇ ಬೇರೆ ನೀರು ತಂದು ಕುಡಿಸಿದಳು.

ಆಗ ಮಂಗಳಮ್ಮನಿಗೆ ತಾನು ಯಾಕೆ ನೋಡಲು ಕೂತೆ ಎಂಬುದು ನೆನಪಾಯಿತು. ಮುಳ್ಳಿನ ಸಾಲು. ಅದನ್ನು ನೋಡಿಯೇ ಇರಲಿಲ್ಲ. ಅದೊಂದಕ್ಕೆ ಕೂತವಳು ಅದೊಂದನ್ನು ಮರೆತಿದ್ದಳು. ಆ ಕೆಂಪು ಯಾರ ರಕ್ತವೆಂಬುದನ್ನೂ ಕೇಳಿಕೊಂಡಿರಲಿಲ್ಲ.

ಮತ್ತೆ ಕನ್ನಡಿ ಹಿಡಿದಳು. ಈಗ ಕಣ್ಣಲ್ಲಿ ನೀರಿತ್ತು, ಒರೆಸಿಕೊಂಡು ಹಿಡಿದಳು. ಕೆನ್ನೆಯ ಕೆಳಗೆ, ಕರಿಮುಳ್ಳುಗಳ ಪುಟ್ಟ ಸಾಲು. ಕತ್ತಿನ ಹಿಂದೆ ಇನ್ನೊಂದು ಸಾಲು. ಒಂದೇ ಅಳತೆಯಲ್ಲಿ ಕೊಯ್ದು ಜೋಡಿಸಿದ ಸೀರಣಿಗೆ.

ನಾಯಿಯದು. ಅವಳು ಉಸಿರು ಬಿಟ್ಟಳು. ಬಿಟ್ಟ ಉಸಿರು ಮುಗಿಯುವ ಮುಂಚೆಯೇ ಹೊಳೆಯಿತು: ಇದೊಂದು ನಾಯಿಯದು, ಸರಿ. ಸಿಗದೆ ಹೋದದ್ದು? ಲಂಗದಿಂದ ಹಾರಿಹೋದದ್ದು ಯಾವುದು? ಕನ್ನಡಿ ತನ್ನ ಮುಂದಿಟ್ಟದ್ದನ್ನು ಮಾತ್ರ ತೋರಿಸುತ್ತದೆ.

ಆ ರಾತ್ರಿ ಅತ್ತೆ ಸೊಸೆ ಇಬ್ಬರೂ ಮಗುವಿನ ಎರಡು ಕಡೆ ಕೂತರು. ಒದ್ದೆ ಬಟ್ಟೆ ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತಿತ್ತು.

"ಏನ್ ನೋಡ್ತಿದ್ದೆ ಮಧ್ಯಾನ, ಅಷ್ಟೊಂದು?" ಎಂದು ಗುರುಬಸಮ್ಮ ಒಂದು ಸಲ ಕೇಳಿದಳು.

"ಚಿಗಟ ನಾಯೀದೋ ಇಲೀದೋ ಅಂತ ನೋಡ್ತಿದ್ದೆ ಅತ್ತೆಮ್ಮ."

"ತಿಳೀತಾ?"

"ನಾಯೀದು."

ಮುದುಕಿ ಒದ್ದೆ ಬಟ್ಟೆಯನ್ನು ಮತ್ತೊಮ್ಮೆ ಹಿಂಡಿ, "ಅಂಗಾರೆ ನಾನು ಮುಟ್ಟಿಸಿದ್ದಕ್ಕಲ್ವಾ?" ಎಂದಳು. ಅವಳ ಮುಖ ನೋಡಿ ಮಂಗಳಮ್ಮನಿಗೆ ಗೊತ್ತಿದ್ದದ್ದನ್ನೆಲ್ಲ ಹೇಳಲಾಗಲಿಲ್ಲ. "ಅಲ್ಲ ಅತ್ತೆಮ್ಮ," ಎಂದಳು.

ಬೆಳಗಿನ ಜಾವ ಮಗು ಬೆವರಿತು. ಹಣೆ, ಕತ್ತು, ಬೆನ್ನು ಎಲ್ಲ ನೀರಾಯಿತು. ಮಂಗಳಮ್ಮ ಮುಟ್ಟಿ ನೋಡಿ ನಂಬಲಿಲ್ಲ. ಅತ್ತೆಯ ಕೈ ಹಿಡಿದು ಹಣೆಯ ಮೇಲೆ ಇಡಿಸಿದಳು. ತಣ್ಣಗಿತ್ತು. ತಣ್ಣಗಿದೆ ಎಂದೇ ಮತ್ತೆ ಹೆದರಿ ಮೂಗಿನ ಹತ್ತಿರ ಬೆರಳು ಹಿಡಿದಳು. ಮಗು ಆ ಬೆರಳನ್ನು ತಳ್ಳಿ, "ಹಸಿವು," ಎಂದಿತು.

ಪುಟ್ಟಬಸವಯ್ಯ ಬಂದಾಗ ನೀಲ ಗೋಡೆಗೆ ಒರಗಿ ಗಂಜಿ ಕುಡಿಯುತ್ತಾ, ಅಜ್ಜಿಗೆ ಕಾಣದಂತೆ ನಾಯಿಮರಿಗೂ ಬೆರಳಲ್ಲಿ ನೆಕ್ಕಿಸುತ್ತಿತ್ತು. ಅವನ ಮುಖ, ಮೀಸೆ ಎಲ್ಲ ಧೂಳು. ಮಗುವಿನ ಕಂಕುಳು ಮುಟ್ಟಿದ, ನಾಲಿಗೆ ನೋಡಿದ, ಆಮೇಲೆ ಬಾಗಿಲಾಚೆ ಹೋಗಿ ಬೆನ್ನು ತಿರುಗಿಸಿ ನಿಂತು ಮೂಗು ಒರೆಸಿಕೊಂಡ.

"ನನ್ನ ಅಮ್ಮನ್ನ ಸುಟ್ಟಾಕಿದ್ಲು ನಿನ್ನೆಡ್ತಿ," ಎಂದಳು ಗುರುಬಸಮ್ಮ, ದೂರಿನಂತೆ. ಆದರೆ ಸೊಸೆಯ ಲೋಟಕ್ಕೂ ಗಂಜಿ ಬಗ್ಗಿಸುತ್ತಿದ್ದಳು. "ಆದ್ರೂ ಸಿಟ್ಟು ಮಾಡ್ಕಳ್ನಿಲ್ಲ ಅವ್ಳು. ನನ್ನ ಮೊಸರನ್ನ ತಿಂದಿದ್ಲಲ್ಲ."

"ಸೀಮೆಎಣ್ಣೆ ಹಾಕಿದ್ದು ಒಳ್ಳೇದಾಯ್ತು," ಎಂದ ಪುಟ್ಟಬಸವಯ್ಯ. "ಚಿಗಟ ಹಿಡಿದಿಟ್ಟಿದ್ಯಂತೆ? ನೋಡಿದ್ಯಾ? ಬಾಚಣಿಗೆ ಇತ್ತಾ?"

"ಇತ್ತು."

"ಭೇಷ್. ನಮ್ಮ ಸ್ಕೂಲಿನ ಹುಡುಗರಿಗೆ ಹೊಳೀತಿರ್ಲಿಲ್ಲ ಅದು. ಹೆದರಿಕೆ ಆಗ್ಲಿಲ್ವಾ?"

ಅವಳು ಉತ್ತರ ಹುಡುಕುವಷ್ಟರಲ್ಲಿ ನೀಲ ಲೋಟ ಕೆಳಗಿಟ್ಟು ಹೇಳಿತು: "ಅವ್ವ ನಗ್ತಿತ್ತು."

"ಯಾವಾಗ?"

"ನಂಗೆ ಜ್ವರ ಬಂದಾಗ. ನಾನು ನೀರು ಅಂದೆ. ಅವ್ವ ಬಾಗ್ಲಾಗೆ ಕೂತ್ಕೊಂಡು ಕಣ್ಗೆ ಕನ್ನಡಿ ಇಟ್ಕೊಂಡು ನಗ್ತಾನೇ ಇತ್ತು. ನಾನು ಎಷ್ಟು ಸಲ ಕರ್ದೆ."

ಪುಟ್ಟಬಸವಯ್ಯ ಹೆಂಡತಿಯ ಕಡೆ ನೋಡಿದ. ಗುರುಬಸಮ್ಮ ಮೊಮ್ಮಗಳ ಕೂದಲು ಹಿಂದಕ್ಕೆ ಸವರಿ, "ಜ್ವರ ಏರ್ದಾಗ ಇಲ್ಲದ್ದೆಲ್ಲ ಕಾಣ್ತದೆ ಕೂಸೆ," ಎಂದಳು. "ನಿಮ್ಮವ್ವ ನಗೋದ? ಆ ಹೊತ್ನಲ್ಲಿ? ಅತ್ತು ಅತ್ತು ಸಾಯ್ತಿದ್ಲು ಪಾಪ."

"ಇಲ್ಲ ಅಜ್ಜಿ, ನಗ್ತಿತ್ತು. ಅಲ್ವೇನವ್ವಾ?"

"ಜ್ವರ ಕಣಮ್ಮಿ," ಎಂದಳು ಮಂಗಳಮ್ಮ. "ಜ್ವರದಲ್ಲಿ ಕಂಡಿದ್ದು."

ಮಗು ಅವಳ ಮುಖವನ್ನು ಸ್ವಲ್ಪ ಹೊತ್ತು ನೋಡಿತು. ಆಮೇಲೆ ಲೋಟ ಎತ್ತಿಕೊಂಡಿತು.

ಬಿಲ್ಲೆಗಳನ್ನು ತೊಳೆದು ತರುವೆನೆಂದು ಮಂಗಳಮ್ಮ ಹೊಳೆಗೆ ಇಳಿದಳು. ದಾರ ಬಿಚ್ಚಿ, ಗಾಜನ್ನು ನೀರಿನಲ್ಲಿ ಅದ್ದಿದಳು. ಕಪ್ಪು ಚುಕ್ಕೆ ಎತ್ತ ಹೋಯಿತೋ ಕಾಣಲಿಲ್ಲ. ಎಣ್ಣೆ ಮಾತ್ರ ಮೇಲೆ ಬಂದು, ನಿಂತ ನೀರಿನ ಮಡುವಿನಲ್ಲಿ ಅಗಲವಾಗುತ್ತಾ ಹೋಯಿತು. ಅಂಚಿನಲ್ಲಿ ನೇರಳೆ, ಒಳಗೆ ಹಸಿರು, ನಡುವೆ ಹೊನ್ನು. ಬರೀ ಹಳದಿಯ ಎಣ್ಣೆಗೆ, ಬಣ್ಣವಿಲ್ಲದ ನೀರಿಗೆ ಇದು ಎಲ್ಲಿಂದ ಬಂತೋ ಅವಳಿಗೆ ತಿಳಿಯಲಿಲ್ಲ. ಮೇಲೆ ದಡದಲ್ಲಿ ಗಂಡನಿದ್ದ. ಕೇಳಿದ್ದರೆ ಸಂತೋಷವಾಗಿ ಹೇಳುತ್ತಿದ್ದ.

ಕೇಳಬೇಕೆಂದು ಬಾಯಿ ತೆರೆದವಳು ಮುಚ್ಚಿದಳು. ಇದನ್ನು ಕೇಳಿದರೆ ಆ ಮಧ್ಯಾಹ್ನದ್ದನ್ನೂ ಹೇಳಬೇಕಾಗುತ್ತದೆ. ಅವನಿಗೂ ಬೇಡ, ಅತ್ತೆಗಂತೂ ಬೇಡ, ಮಗಳು ದೊಡ್ಡವಳಾಗಿ ಮತ್ತೊಮ್ಮೆ ಕೇಳಿದರೂ ಬೇಡ. ಅವಳು ಸೆರಗಿನಲ್ಲಿ ಗಾಜನ್ನು ಒರೆಸುತ್ತಾ, ಮೇಲಿನಿಂದ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡಿ, ಮತ್ತೆ ನೀರಿನ ಕಡೆ ಬಾಗಿದಳು. ಬಣ್ಣಗಳು ನಿಧಾನವಾಗಿ ಒಂದರೊಳಗೊಂದು ಸರಿಯುತ್ತಿದ್ದವು.